ಕೆರೆ ಆಸ್ಪತ್ರೆಯ ಸೊನ್ನೆ

ನಮ್ಮೂರಿನಲ್ಲಿ ಯಾರಿಗಾದರೂ ಚಳಿಜ್ವರ ಬಂದರೆ ಮೊದಲು ಕೇಳುವುದು ಔಷಧಿ ತೆಗೆದುಕೊಂಡೆಯಾ ಎಂದಲ್ಲ. "ನಿಂದೋ, ಬೇರೆಯವರದೋ?" ಎಂದು ಕೇಳುತ್ತಾರೆ. ರಕ್ತ ಕೊಟ್ಟವರಿಗೆ, ಅದು ಇನ್ನೊಬ್ಬರಿಗೆ ಏರುವ ಹೊತ್ತಿನಲ್ಲಿ, ಆ ಇನ್ನೊಬ್ಬರ ಮೈಯಲ್ಲಿ ಆಗುವುದೆಲ್ಲ ಗೊತ್ತಾಗುತ್ತದೆ. ಅವರಿಗೆ ಹಸಿವಾದರೆ ಇವರಿಗೂ ಹಸಿವು, ಅವರಿಗೆ ನೋವಾದರೆ ಇವರಿಗೂ ನೋವು. ಏರಿಸುವುದು ಮುಗಿದ ಮೇಲೂ ಒಂದೆರಡು ದಿನ ತೆಳ್ಳಗೆ ಉಳಿದಿದ್ದು, ಆಮೇಲೆ ಬಿಟ್ಟುಹೋಗುತ್ತದೆ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ನಮ್ಮ ಪೋಸ್ಟ್ ಮಾಸ್ಟರ ರಕ್ತ ಒಮ್ಮೆ ಕಾಲು ಮುರಿದುಕೊಂಡ ಪೈಲ್ವಾನನೊಬ್ಬನಿಗೆ ಹೋಗಿ, ಅವರು ಆಫೀಸಿಗೆ ಬೀಗ ಜಡಿದು ಹೋಟೆಲಿನಲ್ಲಿ ಕೂತು ಆಮ್ಲೆಟ್ ಮೇಲೆ ಆಮ್ಲೆಟ್ ತರಿಸಿದ್ದನ್ನು ಇಡೀ ಬೀದಿ ನೋಡಿದೆ. ಯಾರೂ ನಗಲಿಲ್ಲ. ನಕ್ಕರೂ ಅವರೆದುರಿಗೆ ನಗಲಿಲ್ಲ.

ಇದರಿಂದಾಗಿ ನಮ್ಮಲ್ಲೊಂದು ಪದ್ಧತಿ ಬಂದುಬಿಟ್ಟಿದೆ. ಯಾರ ರಕ್ತವನ್ನು ಏರಿಸುತ್ತಾರೋ ಅವರ ಮನೆಗೆ ಬೆಳಿಗ್ಗೆಯೇ ಆಸ್ಪತ್ರೆಯ ಆಯಾ ತಾಯಕ್ಕ ಬಂದು, "ಇವತ್ತು ನಿಮ್ದು ಏರುತ್ತೆ" ಎಂದು ಹೇಳಿ ಹೋಗುತ್ತಾಳೆ. ಹಾಗೆ ಹೇಳಿಸಿಕೊಂಡ ಕ್ಷೌರಿಕ ಆವತ್ತು ಕತ್ತಿ ಹಿಡಿಯುವುದಿಲ್ಲ, ಬಸ್ಸಿನ ಡ್ರೈವರು ಸ್ಟೇರಿಂಗ್ ಮುಟ್ಟುವುದಿಲ್ಲ. ನನ್ನದು ಹಿಟ್ಟಿನ ಗಿರಣಿ. ಹೇಳಿಸಿಕೊಂಡ ದಿನ ನಾನು ಬೆಲ್ಟಿನ ಹತ್ತಿರ ಸುಳಿಯದೆ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಎಲ್ಲರನ್ನೂ ಬೈಯುತ್ತಿರುತ್ತೇನೆ. ಬೈಯುವುದಕ್ಕೆ ಬೆಲ್ಟು ಬೇಕಿಲ್ಲ ಎನ್ನುತ್ತಾರೆ ನಮ್ಮ ಯಜಮಾನರು.

ಊರಿಗೆ ಎರಡು ಆಸ್ಪತ್ರೆ. ಒಂದು ಕೆರೆ ಏರಿಯ ಕೆಳಗೆ, ಇನ್ನೊಂದು ಗುಡ್ಡದ ಮೇಲೆ. ರಕ್ತ ಏರಿಸುವಾಗ ಏನಾದರೂ ಎಡವಟ್ಟಾದರೆ ರಾಜಧಾನಿಯ ಒಂದು ಕಚೇರಿಗೆ ವರದಿ ಬರೆದು ಕಳಿಸಬಹುದು. ಕಳಿಸಲೇಬೇಕೆಂದು ಕಾನೂನಿಲ್ಲ, ಮನಸ್ಸಿದ್ದವರು ಕಳಿಸಲಿ ಎಂದು ಹೇಳಿದ್ದಾರೆ. ಗುಡ್ಡದ ಆಸ್ಪತ್ರೆಯ ಮುದಿ ಡಾಕ್ಟರಮ್ಮ ಫಿಲೋಮಿನಾ ಪ್ರತಿಯೊಂದನ್ನೂ ಬರೆದು ಕಳಿಸುತ್ತಾರೆ. ಸಾಲದ್ದಕ್ಕೆ, ಈ ವರ್ಷ ಎಷ್ಟು ಕಳಿಸಿದೆವು ಎಂದು ಗೇಟಿನ ಮೇಲೆ ಸುಣ್ಣದಲ್ಲಿ ಬರೆಸುತ್ತಾರೆ. ಆಗ ಅಲ್ಲಿ ನಾಲ್ಕು ಎಂದಿತ್ತು. ಕೆರೆ ಆಸ್ಪತ್ರೆಯವರೂ ಪೈಪೋಟಿಗೆ ಒಂದು ಬೋರ್ಡು ಹಾಕಿದರು. ಅದರ ಮೇಲೆ ಚಕ್ಕುಲಿಯಷ್ಟು ದುಂಡಗಿನ ಸೊನ್ನೆ. ಊರವರಿಗೆ ಲೆಕ್ಕ ಬರುವುದಿಲ್ಲವೇ? ನಾಲ್ಕು ಎಡವಟ್ಟಿನ ಆಸ್ಪತ್ರೆಗೆ ಯಾರು ಹೋಗುತ್ತಾರೆ? ನಾನೂ ಹೋಗುತ್ತಿರಲಿಲ್ಲ. ರಕ್ತ ಕೊಡುವುದಿದ್ದರೂ ಕೆರೆಗೇ ಹೋಗಿ ಕೊಡುತ್ತಿದ್ದೆ.

ಆವತ್ತು ರಾಗಿ ಬೀಸುತ್ತಿದ್ದೆ. ಇದ್ದಕ್ಕಿದ್ದಂತೆ ಮೈ ನಡುಗಿತು. ಬೆಳಗಿನ ಬಿಸಿಲು ನೇರವಾಗಿ ಬಾಗಿಲೊಳಗೆ ಬಿದ್ದಿದೆ, ಗಿರಣಿಯ ಕಾವು ಬೇರೆ, ಅಂಥದರಲ್ಲಿ ನನ್ನ ಹಲ್ಲು ಕಟಕಟ ಅನ್ನುತ್ತಿದೆ. ಯಜಮಾನರು ಓಡಿ ಬಂದು ಮೋಟಾರು ನಿಲ್ಲಿಸಿದರು.

"ನಿಂದೋ, ಬೇರೆಯವರದೋ?"

"ನಂದೇ ಇರ್ಬೇಕು. ತಾಯಕ್ಕ ಬಂದಿಲ್ವಲ್ಲ."

ಹಾಗೆಂದು ಕಷಾಯ ಕುಡಿದು ಬಿಸಿಲಿನಲ್ಲಿ ಕೂತೆ. ಆದರೆ ಆ ಚಳಿ ನನಗೆ ಪರಿಚಯದ್ದಲ್ಲ. ಸೊಂಟದ ಮೇಲೆ ಎರಡೂ ಕಡೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ನೋವು. ಎಡಗೈಯ ನರದುದ್ದಕ್ಕೂ ಉರಿ, ಮೆಣಸಿನಕಾಯಿ ಪುಡಿ ಮಾಡಿದ ದಿನ ಬರುವಂಥ ಉರಿ. ಅದಕ್ಕಿಂತ ಹೆಚ್ಚಾಗಿ, ಭಯ. ಏನೋ ಆಗಿಹೋಗುತ್ತದೆ, ಯಾರೂ ನೋಡುತ್ತಿಲ್ಲ ಎನ್ನುವ ಭಯ. ನಾನು ಹೆದರುವ ಪೈಕಿಯಲ್ಲ. ಗಿರಣಿಯೊಳಗೆ ಹಾವು ಬಂದಾಗ ಮೊರದಲ್ಲಿ ಎತ್ತಿ ಆಚೆ ಹಾಕಿದವಳು. ಈ ಭಯ ನನ್ನದಲ್ಲ ಅನ್ನಿಸಿತು. ಹಾಗಾದರೆ ಯಾರದು? ನನ್ನ ರಕ್ತವನ್ನು ಏರಿಸುತ್ತಿಲ್ಲ ಎಂದಮೇಲೆ ಯಾರದಾದರೂ ಆಗುವುದು ಹೇಗೆ?

ಬೀದಿಯ ಆಚೆ ಬದಿಗೆ ಟೈಲರ್ ವಿಠೋಬನ ಅಂಗಡಿ. ಮಿಷನ್ನಿಗೆ ಬಟ್ಟೆ ಮುಚ್ಚಿ, ಜಗಲಿಯ ಮೇಲೆ ಕಾಲು ಚಾಚಿಕೊಂಡು ಅವನು ಎಲೆಅಡಿಕೆ ಹಾಕುತ್ತಿದ್ದ. ನನಗೆ ಅದನ್ನು ನೋಡಿಯೇ ಸಿಟ್ಟು ಬಂತು.

"ಏನೋ ವಿಠೋಬ, ಕೆಲ್ಸ ಇಲ್ವೇನೋ?"

"ಇವತ್ತು ನಂದು ಏರ್ತಾ ಇದೆ ಅಂಬಕ್ಕ. ತಾಯಕ್ಕ ಹೇಳಿ ಹೋದ್ಳು. ಅದೇ ಹೋದ ವಾರ ಕ್ಯಾಂಪಲ್ಲಿ ಕೊಟ್ವಲ್ಲ, ನೀವು, ನಾನು ಒಟ್ಟಿಗೆ."

"ಏನನ್ಸುತ್ತೆ ನಿನಗೆ?"

"ಏನೂ ಇಲ್ಲ. ಯಾರೋ ಪುಣ್ಯಾತ್ಮರು, ಸುಖವಾಗಿ ಮಲಗಿರ್ಬೇಕು. ಇಷ್ಟು ಆರಾಮಾಗಿ ಯಾವತ್ತೂ ಏರಿದ್ದೇ ಇಲ್ಲ." ಎಲೆಗೆ ಸುಣ್ಣ ಹಚ್ಚುತ್ತ ನನ್ನ ಕಡೆ ನೋಡಿ, "ಅಯ್ಯೋ, ನೀವ್ಯಾಕೆ ನಡುಗ್ತಾ ಇದೀರಿ?" ಎಂದ.

ಅವನಿಗೆ ಹೇಳಿದ್ದಾರೆ, ಅವನಿಗೆ ಏನೂ ಆಗುತ್ತಿಲ್ಲ. ನನಗೆ ಹೇಳಿಲ್ಲ, ನಾನು ನಡುಗುತ್ತಿದ್ದೇನೆ. ಇದನ್ನು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಕೆರೆ ಆಸ್ಪತ್ರೆಗೆ ನಡೆದೆ. ನಡೆದೆ ಅಂದರೆ, ಗೋಡೆ ಹಿಡಿದುಕೊಂಡು ಹೋದೆ.

ಆಸ್ಪತ್ರೆಯ ಯಜಮಾನ ಡಾಕ್ಟರ್ ಶೇಷಗಿರಿ ಒಳ್ಳೆಯವರೇ. ನನ್ನನ್ನು ಕೂರಿಸಿ, ನೀರು ಕೊಡಿಸಿ, ರಿಜಿಸ್ಟರ್ ತರಿಸಿ ನೋಡಿದರು. "ನೋಡಿ ಅಂಬುಜಾಕ್ಷಮ್ಮ, ನಿಮ್ಮ ಚೀಲ ಫ್ರಿಜ್ಜಲ್ಲಿದೆ. ಏರ್ತಾ ಇರೋದು ವಿಠೋಬಂದು. ಅವ್ನಿಗೆ ಏನಾದ್ರೂ ತೊಂದ್ರೆ ಇದೆಯಾ?"

"ಇಲ್ಲ ಸಾರ್. ಎಲೆಅಡಿಕೆ ಹಾಕ್ತಾ ಇದಾನೆ."

"ಮತ್ತೆ? ರೋಗಿಗೆ ಒಗ್ಗದಿದ್ರೆ ಅವ್ನು ಓಡಿ ಬರ್ಬೇಕಿತ್ತು. ಅವ್ನು ಆರಾಮಾಗಿದಾನೆ ಅಂದ್ರೆ ರೋಗಿನೂ ಆರಾಮಾಗಿದಾರೆ. ಇದು ನಿಮ್ಮದೇ ಮಲೇರಿಯಾ. ರಕ್ತ ಪರೀಕ್ಷೆ ಮಾಡಿಸಿ."

ಅವರು ಹೇಳಿದ್ದೂ ಸರಿ ಅನ್ನಿಸಿತು. ಒಂದಕ್ಕೊಂದು ಕೂಡಿಸಿಟ್ಟ ಹಾಗೆ ಹೇಳಿದರು. ಯಾರಾದರೂ ಹೀಗೆ ಒಪ್ಪವಾಗಿ ಮಾತಾಡಿದರೆ ನನಗೆ ನನ್ನ ಮೈಯ ಮೇಲೇ ಅನುಮಾನ ಬರುತ್ತದೆ. ಎದ್ದು ಹೊರಟೆ. ಮೆಟ್ಟಿಲ ಹತ್ತಿರ ಬಂದಾಗ ಆ ಭಯ ಮತ್ತೆ ಕತ್ತು ಹಿಡಿಯಿತು. ತಾಯಿಯ ಕೈ ಬಿಟ್ಟುಹೋದ ಮಗುವಿನ ಭಯ. ಹೊರಗೆ ಹೋಗಬೇಕಾದ ಕಾಲು ಹೆಂಗಸರ ವಾರ್ಡಿನ ಕಡೆ ತಿರುಗಿತು.

ನಮ್ಮ ಕೆರೆ ಆಸ್ಪತ್ರೆಯಲ್ಲಿ ರಕ್ತದ ಚೀಲ ತೂಗುಹಾಕಿದ ಮೇಲೆ ನರ್ಸುಗಳು ಅತ್ತ ತಿರುಗಿಯೂ ನೋಡುವುದಿಲ್ಲ ಎಂಬುದು ನನಗೆ ಆವತ್ತೇ ಗೊತ್ತಾದದ್ದು. ಯಾಕೆ ನೋಡಬೇಕು? ಕೊಟ್ಟವರಿಗೆ ಹೇಳಿ ಕಳಿಸಿ ಆಗಿದೆ. ಏನಾದರೂ ಆದರೆ ಕೊಟ್ಟವರೇ ಬೊಬ್ಬೆ ಹಾಕಿಕೊಂಡು ಬರುತ್ತಾರೆ. ತಾಯಕ್ಕ ಹೋಗಿ ಬಂದಳೆಂದರೆ ಕೆಲಸ ಮುಗಿದಂತೆ. ತೂಗುಹಾಕಿದ ಚೀಲ ತಾಯಕ್ಕ ಹೇಳಿ ಬಂದವರದ್ದೇ ಹೌದೋ ಅಲ್ಲವೋ ಎಂದು ಇನ್ನೊಂದು ಸಲ ನೋಡುವ ರೂಢಿಯೇ ತಪ್ಪಿಹೋಗಿತ್ತು.

ವಾರ್ಡಿನ ಮೂಲೆಯ ಹಾಸಿಗೆಯಲ್ಲಿ ಕಂಬಳಿಗಳ ಒಂದು ರಾಶಿ ಅಲುಗಾಡುತ್ತಿತ್ತು. ಪಕ್ಕದಲ್ಲಿ ಒಬ್ಬಳು ಮುದುಕಿ, ತೊಡೆಯ ಮೇಲೆ ಹಸುಗೂಸು. "ಬಾಣಂತಿ ಕಣವ್ವ, ನನ್ನ ಮಗಳು ಹೊನ್ನಮ್ಮ. ಚಳಿ ಅಂತಾಳೆ. ಕಂಡೋರ ಕಂಬ್ಳಿ ಎಲ್ಲಾ ಈಸ್ಕೊಂಡು ಹೊದಿಸೀನಿ" ಎಂದಳು. ನಾನು ಕಂಬಳಿ ಸರಿಸಿದೆ. ಇಪ್ಪತ್ತು ದಾಟಿರದ ಹುಡುಗಿ. ಎಡಗೈಗೆ ಸೂಜಿ. ತುಟಿ ಬಿಳುಚಿಕೊಂಡಿದೆ, ಮಾತು ಬರುತ್ತಿಲ್ಲ, ಕಣ್ಣು ಮಾತ್ರ ನನ್ನನ್ನೇ ನೋಡುತ್ತಿದೆ. ನನ್ನ ಒಳಗಿದ್ದ ಭಯ ಆ ಕಣ್ಣಿನಲ್ಲಿತ್ತು.

ನಳಿಕೆಯ ಮೇಲಿನ ಪುಟ್ಟ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ತಿರುಗಿಸಿದೆ. ಹನಿ ನಿಂತಿತು. ಸ್ವಲ್ಪ ಹೊತ್ತಿಗೆ ನನ್ನ ಕೈಯ ಉರಿಯೂ ಇಳಿಯತೊಡಗಿತು. ಆಮೇಲೆ ನಾನು ಕೂಗಿದ ಕೂಗು ಕೆರೆಯ ಆಚೆ ದಡಕ್ಕೂ ಕೇಳಿಸಿತಂತೆ.

ಓಡಿ ಬಂದವಳು ಹೊಸ ಡಾಕ್ಟರ್ ಮೆಹರುನ್ನೀಸಾ. ಚೀಲ ತಿರುಗಿಸಿ ನೋಡಿದ್ದೇ ಅವಳ ಮುಖ ಸುಣ್ಣದಂತಾಯಿತು. "ಇದು ಬಿ ಗುಂಪು. ಇವರಿಗೆ ಓ ನೆಗೆಟಿವ್ ಬೇಕಿತ್ತು" ಎಂದಳು. ಬಿ ನನ್ನ ಗುಂಪು, ಓ ನೆಗೆಟಿವ್ ವಿಠೋಬನದು. ಹಿಂದೆಯೇ ಬಂದ ಶೇಷಗಿರಿಯವರು ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡರು. ಆ ಚೀಲ ಎಲ್ಲಿಗೆ ಹೋಯಿತೋ ಆಮೇಲೆ ಯಾರಿಗೂ ಗೊತ್ತಾಗಲಿಲ್ಲ. ಸಂಜೆಯ ಹೊತ್ತಿಗೆ ಹೊನ್ನಮ್ಮನನ್ನು ಗುಡ್ಡದ ಆಸ್ಪತ್ರೆಗೆ ಸಾಗಿಸಿದರು. ಜೊತೆಗೆ ಕೊಟ್ಟ ಚೀಟಿಯಲ್ಲಿ "ಬಾಣಂತಿ ಜ್ವರ" ಎಂದಿತ್ತು. ಬೋರ್ಡಿನ ಸೊನ್ನೆ ಹಾಗೇ ಇತ್ತು.

ಮಾರನೆಯ ದಿನದಿಂದ ಊರಿನಲ್ಲಿ ನನ್ನದೇ ಮಾತು. ಜ್ವರ ಇಟ್ಟುಕೊಂಡು ಬಾಣಂತಿಯ ವಾರ್ಡಿಗೆ ನುಗ್ಗಿದಳಂತೆ, ಏರುತ್ತಿದ್ದ ರಕ್ತ ನಿಲ್ಲಿಸಿದಳಂತೆ, ಅದಕ್ಕೇ ಆ ಹುಡುಗಿಗೆ ಹೀಗಾಯಿತಂತೆ. ನಾನು ವಿಠೋಬನ ಜಗಲಿಗೆ ಹೋಗಿ, "ನಿನಗೇನೂ ಆಗ್ಲಿಲ್ಲ ಅಂತ ನಾಲ್ಕು ಜನಕ್ಕೆ ಹೇಳೋ" ಎಂದೆ. ಅವನು ತಲೆ ಎತ್ತದೆ ಹೊಲಿಯುತ್ತಿದ್ದ. ಹೊಲಿಯುತ್ತಿದ್ದದ್ದು ಕೆರೆ ಆಸ್ಪತ್ರೆಯ ನರ್ಸುಗಳ ಅಂಗಿ. ಅಲ್ಲಿಯ ಚಾದರ, ದಿಂಬಿನ ಚೀಲ, ಪರದೆ, ಎಲ್ಲ ಅವನದೇ ಕೈಕೆಲಸ.

"ಸ್ವಲ್ಪ ಜೋಂಪು ಬಂದಂಗಿತ್ತು ಅನ್ಸುತ್ತೆ ಅಂಬಕ್ಕ. ಸರಿಯಾಗಿ ಜ್ಞಾಪಕ ಇಲ್ಲ."

"ನಿನ್ನ ಜೋಂಪಿಗೆ ಬೆಂಕಿ ಹಾಕ" ಎಂದು ಬಂದುಬಿಟ್ಟೆ. ಬಂದವಳು ಗಿರಣಿಯಲ್ಲಿ ಕೂತು ಯೋಚಿಸಿದೆ. ಚೀಲವೇ ಕಾಣೆಯಾದ ಮೇಲೆ ನಾನು ಕಿವಿಯಾರೆ ಕೇಳಿದ್ದರ ಮೇಲೂ ಅನುಮಾನ ಬಂತು. ನಿಜವಾಗಿಯೂ ನನ್ನದೇ ಮಲೇರಿಯಾ ಆಗಿತ್ತೇ? ಚಕ್ರ ತಿರುಗಿಸಿದ್ದಕ್ಕೇ ಆ ಹುಡುಗಿಗೆ ಕೆಡುಕಾಯಿತೇ? ಹೆಬ್ಬೆರಳನ್ನು ನೋಡಿಕೊಂಡೆ. ಹೆಬ್ಬೆರಳು ಏನು ಹೇಳುತ್ತದೆ?

ಎರಡು ದಿನ ಸೊಂಟದ ನೋವು ಮಂದವಾಗಿ ಇತ್ತು. ಬಾಯಾರಿಕೆ, ಸುಸ್ತು ಇತ್ತು. ಅದು ಇರುವಷ್ಟು ಹೊತ್ತು ನನಗೊಂದು ಧೈರ್ಯ. ಮೂರನೆಯ ಬೆಳಿಗ್ಗೆ ಎದ್ದರೆ ಏನೂ ಇಲ್ಲ. ಮೈ ಹಗುರ, ಹೊಟ್ಟೆ ಹಸಿವು, ಎಲ್ಲ ನನ್ನದೇ. ಯಜಮಾನರು, "ಬಿಡ್ತಲ್ಲ, ಒಳ್ಳೇದಾಯ್ತು" ಎಂದರು. ನನಗೆ ಹಾಗನ್ನಿಸಲಿಲ್ಲ. ರಕ್ತದ ನಂಟು ತೀರಿದ್ದಕ್ಕೆ ಹೀಗಾಯಿತೋ, ಅವಳೇ ತೀರಿಹೋದಳೋ? ಸತ್ತವರ ಮೈಯಲ್ಲೂ ಏನೂ ಆಗುವುದಿಲ್ಲವಲ್ಲ. ಇಷ್ಟು ವರ್ಷ ಇದೇ ಊರಿನಲ್ಲಿ ಬದುಕಿ ಈ ಎರಡಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದಿರಲಿಲ್ಲ. ಕಾಫಿಯನ್ನೂ ಕುಡಿಯದೆ ಗುಡ್ಡ ಹತ್ತಿದೆ.

ಗೇಟಿನ ಮೇಲೆ ನಾಲ್ಕನ್ನು ಅಳಿಸಿ ಐದು ಬರೆದಿದ್ದರು. ಸುಣ್ಣ ಇನ್ನೂ ಹಸಿಯಾಗಿತ್ತು. ವರಾಂಡದಲ್ಲಿ ಆ ಮುದುಕಿ ಮಗುವಿಗೆ ಹತ್ತಿಯಲ್ಲಿ ಹಾಲು ಹಿಂಡುತ್ತಿದ್ದಳು. ನನ್ನನ್ನು ನೋಡಿ ಅಳಲಿಲ್ಲ. ಅಷ್ಟರಮಟ್ಟಿಗೆ ಸಮಾಧಾನವಾಯಿತು.

ಫಿಲೋಮಿನಾ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. "ಇದಾಳೆ. ಮೂತ್ರ ಕಪ್ಪಗೆ ಹೋಗ್ತಿತ್ತು, ಈಗ ತಿಳಿ ಆಗಿದೆ. ಅವಳ ತಾಯಿ ಎಲ್ಲಾ ಹೇಳಿದ್ರು. ನೀವು ಆವತ್ತು ನಿಲ್ಲಿಸಿದ್ದಕ್ಕೆ ಉಳ್ಕೊಂಡ್ಳು. ಆದ್ರೆ ಮೈಯಲ್ಲಿ ರಕ್ತಾನೇ ಇಲ್ಲಮ್ಮ. ಇವತ್ತು ಸಂಜೆಯೊಳಗೆ ಕೊಡ್ಬೇಕು. ಓ ನೆಗೆಟಿವ್ ಬೇಕು. ರಾಜಧಾನಿಯಿಂದ ನಾಳೆ ಬರುತ್ತೆ ಅಂತಾರೆ. ನಾಳೆವರೆಗೆ ಇವಳು ಕಾಯೋದು ಕಷ್ಟ."

"ನಿಮ್ಮ ಫ್ರಿಜ್ಜಲ್ಲಿ ಇಲ್ವಾ?"

"ಇಲ್ಲಿಗೆ ಬಂದು ಯಾರು ಕೊಡ್ತಾರೆ? ನೀವು ಕೊಟ್ಟಿದೀರಾ ಯಾವತ್ತಾದ್ರೂ?"

ನಾನು ಕೊಟ್ಟಿರಲಿಲ್ಲ. ಆಮೇಲೆ ತಲೆಯೊಳಗೆ ಏನೋ ಕದಲಿತು. "ವಿಠೋಬಂದು ಇದೆಯಲ್ಲ ತಾಯಿ! ಆವತ್ತು ಏರಿದ್ದು ನಂದು ಅಂದ್ಮೇಲೆ ಅವನದು ಕೆರೆ ಆಸ್ಪತ್ರೆಯ ಫ್ರಿಜ್ಜಲ್ಲೇ ಇರ್ಬೇಕು."

"ಕೇಳಿದ್ದಾಯ್ತು. ವಿಠೋಬನ ಚೀಲ ಆವತ್ತೇ ಏರಿಸಿ ಮುಗಿದಿದೆ ಅಂತ ಹೇಳಿದ್ರು. ಇದೆ ಅಂತ ಕೊಟ್ರೆ, ಆವತ್ತು ಏರಿದ್ದು ಯಾರದು ಅಂತ ಹೇಳ್ಬೇಕಾಗುತ್ತಲ್ಲ."

ಅಂದರೆ ಅವಳನ್ನು ಉಳಿಸಬೇಕಾದ ರಕ್ತ ಫ್ರಿಜ್ಜಿನೊಳಗೆ ತಣ್ಣಗೆ ಕೂತಿದೆ, ಮತ್ತು ಕಾಗದದ ಪ್ರಕಾರ ಅದು ಆಗಲೇ ಅವಳ ಮೈಯೊಳಗಿದೆ. ನನಗೆ ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. "ನೀವಾದ್ರೂ ಇದು ಕೆರೆಯೋರ ತಪ್ಪು ಅಂತ ಬರೀಬಾರ್ದಾ? ಐದು ಅಂತ ನಿಮ್ಮ ಗೇಟಿಗೆ ಯಾಕೆ ಬರ್ಕೊಂಡ್ರಿ? ಊರೋರು ನಿಮ್ಮನ್ನೇ ಆಡ್ಕೋತಾರೆ" ಎಂದೆ.

"ನಮ್ಮ ಕಣ್ಣಿಗೆ ಬಿತ್ತು, ನಾವು ಬರೆದ್ವಿ. ಯಾರನ್ನೋ ಬೈಯೋಕೆ ಬರೆಯೋದಲ್ಲಮ್ಮ. ಇನ್ನೊಬ್ಬಳು ಹೊನ್ನಮ್ಮ ಆಗ್ದೇ ಇರ್ಲಿ ಅಂತ" ಎಂದು ಅವರು ಒಳಗೆ ಹೋದರು.

ಗುಡ್ಡ ಇಳಿದದ್ದೇ ವಿಠೋಬನ ಅಂಗಡಿಗೆ ಹೋದೆ. ಈ ಸಲ ಬೈಯಲಿಲ್ಲ. ಬೈಯುವಷ್ಟು ಉಸಿರೂ ಇರಲಿಲ್ಲ. ಎಲ್ಲ ಹೇಳಿದೆ. ಹೋದ ವಾರವಷ್ಟೇ ಕೊಟ್ಟಿದ್ದರಿಂದ ಅವನ ಮೈಯಿಂದ ಈಗ ಮತ್ತೆ ತೆಗೆಯುವ ಹಾಗಿಲ್ಲ, ಇರುವುದು ಆ ಒಂದೇ ಚೀಲ ಎಂದೆ. ಅವನು ಮಿಷನ್ನಿನ ಚಕ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.

"ಆಸ್ಪತ್ರೆ ಕೆಲ್ಸ ಹೋದ್ರೆ ನನ್ನ ಮನೆ ನಡೆಯಲ್ಲ ಅಂಬಕ್ಕ."

"ಗೊತ್ತು ಕಣೋ."

"ನಾನು ಹೇಳಿದ್ರೆ ಉಳೀತಾಳಾ?"

"ಅದೂ ಗೊತ್ತಿಲ್ಲ ಕಣೋ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಉಳಿಯುತ್ತಾಳೆ ಎಂದು ಸುಳ್ಳು ಹೇಳಿದ್ದರೆ ಅವನು ಬರುತ್ತಿದ್ದನೋ ಇಲ್ಲವೋ, ಅದನ್ನೂ ನಾನು ಹೇಳಲಾರೆ. ಅವನು ಎದ್ದ. ಕತ್ತಿನಲ್ಲಿ ಅಳತೆಯ ಟೇಪು ನೇತಾಡುತ್ತಿದ್ದದ್ದನ್ನೂ ತೆಗೆಯದೆ ನನ್ನ ಮುಂದೆ ಮುಂದೆ ನಡೆದ.

ಶೇಷಗಿರಿಯವರ ಕೋಣೆಯಲ್ಲಿ ಅವನು ಹೇಳಿದ ಮಾತನ್ನು ಅದಕ್ಕೆ ಮೊದಲು ನಮ್ಮೂರಿನಲ್ಲಿ ಯಾರೂ ಹೇಳಿರಲಿಲ್ಲ.

"ಸಾರ್, ನನ್ನ ರಕ್ತ ನನಗೆ ವಾಪಸ್ ಕೊಡಿ."

"ಅದು ಏರಿಸಿ ಆಗಿದೆಯಲ್ಲ ವಿಠೋಬ."

"ಇಲ್ಲ ಸಾರ್. ಏರಿದ್ರೆ ನನಗೆ ಗೊತ್ತಾಗ್ತಿತ್ತು. ಆವತ್ತಿಂದ ಇವತ್ತಿನವರೆಗೂ ನನಗೆ ಯಾರ ಹಸಿವೂ ಆಗಿಲ್ಲ, ಯಾರ ನೋವೂ ಆಗಿಲ್ಲ. ಜೋಂಪು ಬಂತು ಅಂದಿದ್ದು ಸುಳ್ಳು. ಅದು ಇನ್ನೂ ಇಲ್ಲೇ ಒಳಗಿದೆ. ಕೊಡಿ, ಗುಡ್ಡಕ್ಕೆ ತಗೊಂಡು ಹೋಗ್ಬೇಕು."

ಬಾಗಿಲಲ್ಲಿ ಜನ ಸೇರಿದ್ದರು. ನರ್ಸುಗಳು, ತಾಯಕ್ಕ, ಔಷಧಿಗೆ ಬಂದವರು ಎಲ್ಲರೂ ಇದ್ದರು. ಶೇಷಗಿರಿಯವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ವಿಠೋಬನನ್ನು ಬಿಟ್ಟು ನನ್ನನ್ನು ನೋಡಿ ಕೇಳಿದರು, "ಅಂಬುಜಾಕ್ಷಮ್ಮ, ಒಂದು ಮಾತು ಹೇಳಿ. ಆ ಬೋರ್ಡಿನ ಮೇಲೆ ನಾನು ಒಂದು ಅಂತ ಬರೆದ್ರೆ ನಾಳೆ ಈ ಆಸ್ಪತ್ರೆಗೆ ಯಾರು ಬರ್ತಾರೆ? ನೀವು ಬರ್ತೀರಾ?"

ಬರುತ್ತೇನೆ ಎನ್ನಬೇಕು ಎಂದು ಬಾಯಿ ತೆರೆದೆ. ಗುಡ್ಡದವರ ನಾಲ್ಕನ್ನು ನೋಡಿ ಮೂಗು ಮುರಿದವಳು ನಾನೇ ಅಲ್ಲವೇ? ಈ ಸೊನ್ನೆಯನ್ನು ಅವರು ಬರೆದದ್ದು ನನ್ನಂಥವರು ಓದಲಿ ಎಂದೇ ಅಲ್ಲವೇ? ಅವರ ಮೇಲಿನ ಸಿಟ್ಟು ಎಲ್ಲಿ ಮುಗಿದು ನನ್ನ ಮೇಲಿನದು ಎಲ್ಲಿ ಶುರುವಾಯಿತೋ ಗೊತ್ತಾಗಲಿಲ್ಲ. "ತಿಳೀದು ಸಾರ್" ಎಂದೆ.

ಅಷ್ಟರಲ್ಲಿ ಮೆಹರ್ ಡಾಕ್ಟರು ಐಸ್ ಡಬ್ಬಿಯೊಂದನ್ನು ಎದೆಗೆ ಅವಚಿಕೊಂಡು ಬಾಗಿಲಿಗೆ ಬಂದಳು. ಯಾರನ್ನೂ ಕೇಳದೆ ಫ್ರಿಜ್ಜು ತೆರೆದು ತಂದಿದ್ದಳು. "ಇದೆ ಸಾರ್. ಓ ನೆಗೆಟಿವ್. ನಾನು ತಗೊಂಡು ಹೋಗ್ತಾ ಇದೀನಿ. ಆವತ್ತಿಂದು ವರದಿನೂ ಬರೀತೀನಿ."

ಶೇಷಗಿರಿಯವರು ಕನ್ನಡಕ ಹಾಕಿಕೊಂಡು ಡಬ್ಬಿಯನ್ನು ನೋಡಿದರು. ಕೊನೆಗೆ, "ಅದನ್ನ ಯಾವ ಕಾಗದದ ಮೇಲೆ ಬರೀಬೇಕು ಅಂತಾದ್ರೂ ಗೊತ್ತೇನಮ್ಮ ನಮಗೆ? ನಾವು ಯಾವತ್ತೂ ತರಿಸೇ ಇಲ್ಲ" ಎಂದರು.

"ಗುಡ್ಡದಲ್ಲಿ ಇರುತ್ತೆ ಸಾರ್. ಬರುವಾಗ ಇಸ್ಕೊಂಡು ಬರ್ತೀನಿ."

ಗುಡ್ಡದ ಮೇಲೆ ಫಿಲೋಮಿನಾ ಡಾಕ್ಟರಮ್ಮ ಚೀಲವನ್ನು ತಾವೇ ಪರೀಕ್ಷಿಸಿದರು. ಮೆಹರ್ ಪರೀಕ್ಷಿಸಿದಳು. ಹಾಸಿಗೆಯ ಪಕ್ಕ ನಿಂತು ಇಬ್ಬರೂ ಹೊನ್ನಮ್ಮನ ಹೆಸರನ್ನು ಗಟ್ಟಿಯಾಗಿ ಕೇಳಿ, ಚೀಲದ ನಂಬರು ಓದಿ, ಮತ್ತೊಮ್ಮೆ ಓದಿದರು. ಒಬ್ಬ ನರ್ಸು ಸ್ಟೂಲು ಎಳೆದುಕೊಂಡು ಅಲ್ಲೇ ಕೂತಳು. ಕೊಟ್ಟವನು ಹೊರಗೆ ಬೆಂಚಿನ ಮೇಲೇ ಇದ್ದರೂ ಅವಳು ಅಲ್ಲಿಂದ ಏಳಲಿಲ್ಲ.

ಬೆಂಚಿನ ಒಂದು ತುದಿಗೆ ವಿಠೋಬ, ಇನ್ನೊಂದು ತುದಿಗೆ ನಾನು. ಮುದುಕಿ ಕಂಬಕ್ಕೆ ಒರಗಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ತಾಯಿಗೆ ಜ್ವರವೆಂದು ಬಂದ ದಿನದಿಂದ ಮಗುವನ್ನು ಹತ್ತಿರ ಬಿಟ್ಟಿರಲಿಲ್ಲ.

"ಏನಾದ್ರೂ ಆಗ್ತಿದೆಯೇನೋ?"

"ಏನೂ ಇಲ್ಲ ಅಂಬಕ್ಕ."

ಹನಿ ಬೀಳುತ್ತಿದೆ ಎಂದು ಒಳಗಿನಿಂದ ಹೇಳಿದರು. ನಾನು ಅವನ ಮುಖವನ್ನೇ ನೋಡುತ್ತ ಕೂತೆ. ಅವನು ನಡುಗದಿರಲಿ ಎಂದು ಬೇಡಿಕೊಂಡೆ. ಏನೂ ಆಗದೆಯೂ ಇರದಿರಲಿ ಎಂದು ಬೇಡಿಕೊಂಡೆ. ಯಾವುದು ಬೇಕೆಂದು ದೇವರಿಗೆ ನಾನೇ ಸರಿಯಾಗಿ ಹೇಳಲಿಲ್ಲ.

"ಬಾಯಾರಿಕೆ" ಎಂದ ವಿಠೋಬ. ನೀರು ಕೊಟ್ಟೆ. ಕುಡಿದು ಚೊಂಬು ಕೆಳಗಿಟ್ಟವನು ಎದ್ದು ನಿಂತುಬಿಟ್ಟ. ಎರಡೂ ಕೈಯಿಂದ ತನ್ನ ಅಂಗಿಯ ಎದೆಯನ್ನು ಹಿಡಿದುಕೊಂಡ. ಮುಖ ಕೆಂಪಾಯಿತು, ಕಣ್ಣು ತುಂಬಿಕೊಂಡವು. ನಾನು ಅವನ ಭುಜ ಹಿಡಿದು ಅಲುಗಾಡಿಸಿದೆ.

"ಏನೋ? ಏನಾಗ್ತಿದೆ ಹೇಳೋ! ಉರೀತಿದೆಯಾ? ಚಳಿನಾ?"

ಅವನು ತಲೆ ಅಲ್ಲಾಡಿಸಿದ. ಮೀಸೆ ಹೊತ್ತ ಗಂಡಸು, ನಾಲ್ಕು ಮಕ್ಕಳ ತಂದೆ, ನಾಚಿಕೆಯಿಂದ ಕುಗ್ಗಿ ಗೋಡೆಯ ಕಡೆಗೆ ತಿರುಗಿದ. "ಎದೆ ಬಿಗೀತಿದೆ ಅಂಬಕ್ಕ. ಹಾಲು ಕಟ್ಕೊಂಡು ಕಲ್ಲಾಗಿದೆ. ತಡೆಯೋಕಾಗಲ್ಲ" ಎಂದ. ಆಮೇಲೆ ನಾಚಿಕೆಯನ್ನೆಲ್ಲ ಬಿಟ್ಟು, ಇಡೀ ವರಾಂಡಕ್ಕೆ ಕೇಳುವ ಹಾಗೆ ಕೂಗಿದ. "ಮಗು ಎಲ್ಲಿ? ಯಾರಾದ್ರೂ ಆ ಮಗೂನ ಒಳಗೆ ಕೊಡ್ರಪ್ಪಾ, ಬೇಗ ಕೊಡಿ!"

ಮುದುಕಿ ಮಗುವನ್ನು ಎತ್ತಿಕೊಂಡು ಒಳಗೆ ಓಡಿದಳು.